ಆರ್‌ಪಿ4 ಪ್ಲಾಸ್ಮಿಡ್ ದಾಟುತ್ತಿಲ್ಲ, ಎಫ್ ಮಾತ್ರ ದಾಟುತ್ತಿದೆ

ಪ್ರಶ್ನೆ

ನಮಸ್ಕಾರ. ಇ. ಕೋಲೈನ ಎರಡು ತಳಿಗಳ ನಡುವೆ ಕಾಂಜುಗೇಶನ್ (ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ತಾಗಿ ಡಿಎನ್‌ಎ ದಾಟಿಸುವುದು) ಪ್ರಯೋಗ ಮಾಡುತ್ತಿದ್ದೇನೆ. ದಾನಿಯಲ್ಲಿ ಕನಾಮೈಸಿನ್ ನಿರೋಧಕ ಜೀನ್ ಹೊತ್ತ ಆರ್‌ಪಿ4 ಪ್ಲಾಸ್ಮಿಡ್ (ಕ್ರೋಮೋಸೋಮಿನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರ) ಇದೆ. ಗ್ರಾಹಿ ರಿಫಾಂಪಿಸಿನ್ ನಿರೋಧಕ. ಎರಡನ್ನೂ ಬೆರೆಸಿ 37 ಡಿಗ್ರಿಯಲ್ಲಿ ಶೇಕರ್ ಮೇಲಿಟ್ಟು, ಎರಡೂ ಆ್ಯಂಟಿಬಯಾಟಿಕ್ ಇರುವ ಅಗರ್ ಮೇಲೆ ಹರಡುತ್ತೇನೆ. ಬೆರಳೆಣಿಕೆಯ ಕಾಲೊನಿಗಳಷ್ಟೇ ಬರುತ್ತಿವೆ. ಇದೇ ವಿಧಾನದಲ್ಲಿ ಎಫ್ ಪ್ಲಾಸ್ಮಿಡ್ ಚೆನ್ನಾಗಿ ದಾಟಿತ್ತು.

ಉತ್ತರ

ಸುಳಿವು ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಎಫ್ ಕಟ್ಟುವ ಪೈಲಸ್ (ಕೋಶದಿಂದ ಹೊರಚಾಚುವ ಎಳೆ) ಉದ್ದ, ಬಾಗುವಂಥದ್ದು. ದ್ರವದಲ್ಲಿ ತೇಲುವ ಕೋಶವನ್ನೂ ಹಿಡಿದು ಎಳೆದುಕೊಳ್ಳುತ್ತದೆ. ಆರ್‌ಪಿ4ರದು ಗಿಡ್ಡ, ಪೆಡಸು. ಗಟ್ಟಿ ಮೇಲ್ಮೈಯಲ್ಲಿ ಕೋಶಗಳು ಒತ್ತೊತ್ತಾಗಿ ಕುಳಿತಾಗಲೇ ಅದರ ಕೆಲಸ ಚುರುಕು. ಆರ್‌ಪಿ4 ಪ್ಲಾಸ್ಮಿಡ್‌ನ ಉದ್ದ ಸುಮಾರು 60 ಸಾವಿರ ಬೇಸ್ ಜೋಡಿ. ಡಿಎನ್‌ಎಯ ಒಂದು ಎಳೆ ಪೂರ್ತಿ ಸಾಗುವ ಮುನ್ನವೇ ಶೇಕರ್ ಜೋಡಿಯನ್ನು ಬಿಡಿಸಿಬಿಟ್ಟರೆ ಗ್ರಾಹಿಗೆ ಏನೂ ದಕ್ಕುವುದಿಲ್ಲ.

ದಾನಿಯನ್ನು ಸೆಂಟ್ರಿಫ್ಯೂಜ್ ಮಾಡಿ ಹೊಸ ಮಾಧ್ಯಮದಲ್ಲಿ ತೊಳೆಯಿರಿ, ಉಳಿದ ಕನಾಮೈಸಿನ್ ಗ್ರಾಹಿಯನ್ನು ಕೊಲ್ಲುತ್ತದೆ. ಮಿಶ್ರಣವನ್ನು 0.45 ಮೈಕ್ರಾನ್ ಫಿಲ್ಟರ್ ಮೇಲೆ ಸೋಸಿ, ಆ ಫಿಲ್ಟರನ್ನು ಆ್ಯಂಟಿಬಯಾಟಿಕ್ ಇಲ್ಲದ ಅಗರ್ ಮೇಲೆ ಕೆಲವು ಗಂಟೆ ಅಲುಗಿಸದೆ ಬಿಡಿ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ, ತಟ್ಟೆ ತುಂಬ ಕಾಲೊನಿಗಳು! ಆದರೆ ದಾನಿಯನ್ನಷ್ಟೇ ಹರಡಿದ ತಟ್ಟೆಯಲ್ಲೂ ಒಂದೆರಡು ಎದ್ದಿವೆ. ಇವು ಎಲ್ಲಿಂದ ಬಂದವು?

ಉತ್ತರ

ಕಲಬೆರಕೆ ಆಗಿಲ್ಲವೆಂದಾದರೆ ಅವು ದಾನಿಯಲ್ಲೇ ಆದ ಮ್ಯುಟೇಶನ್‌ನ ಫಲ. ಆರ್‌ಪಿಒ-ಬಿ ಜೀನಿನಲ್ಲಿ ಒಂದು ಬೇಸ್ ಬದಲಾದರೂ ರಿಫಾಂಪಿಸಿನ್ ನಿರೋಧಕತೆ ಬರಬಹುದು. ಹತ್ತು ಕೋಟಿ ಕೋಶಗಳಲ್ಲಿ ಸುಮಾರು ಒಂದಕ್ಕೆ ಹೀಗಾಗುವುದು ಸಹಜ. ಆ ಎರಡು ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಪರೂಪದ ಬದಲಾವಣೆ, ಅದೂ ಆ ಕೋಶದ ಸಂತತಿಗಷ್ಟೇ. ಇನ್ನೊಂದರಲ್ಲಿ ಆಂಪಿಸಿಲಿನ್, ಕನಾಮೈಸಿನ್, ಟೆಟ್ರಾಸೈಕ್ಲಿನ್ ಮೂರಕ್ಕೂ ನಿರೋಧಕತೆ ಒಂದೇ ಏಟಿಗೆ ನೆರೆಯ ಕೋಶಕ್ಕೆ ಸಿಕ್ಕಿದೆ. ಆ ನೆರೆಯದು ಬೇರೆ ಕುಲದ್ದೂ ಆಗಿರಬಹುದು: 1969ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸುಟ್ಟಗಾಯಗಳ ಘಟಕದ ಸ್ಯೂಡೋಮೊನಾಸ್‌ನಲ್ಲಿ ಸಿಕ್ಕ ಪ್ಲಾಸ್ಮಿಡ್ ಇಂದು ನಿಮ್ಮ ಇ. ಕೋಲೈನಲ್ಲಿ ನಿರಾತಂಕವಾಗಿ ಬಾಳುತ್ತಿದೆ. ಬ್ಯಾಕ್ಟೀರಿಯಾಗಳ ವಿಕಾಸವನ್ನು ಬರೀ ವಂಶವೃಕ್ಷವಾಗಿ ಬರೆಯಲಾಗದಿರುವುದು ಇದರಿಂದಲೇ.

ಮುಂದಿನ ಸಲ ಲ್ಯಾಕ್ಟೋಸ್ ಬಳಸದ ಗ್ರಾಹಿಯನ್ನು ಆರಿಸಿ, ಮ್ಯಾಕಾಂಕಿ ಅಗರ್‌ಗೆ ಎರಡೂ ಆ್ಯಂಟಿಬಯಾಟಿಕ್ ಸೇರಿಸಿ ಹರಡಿ. ಲ್ಯಾಕ್ಟೋಸ್ ಬಳಸುವ ದಾನಿಯ ಮ್ಯುಟೆಂಟ್‌ಗಳು ಗುಲಾಬಿಯಾಗುತ್ತವೆ, ಪ್ಲಾಸ್ಮಿಡ್ ಪಡೆದ ಗ್ರಾಹಿಗಳು ಬಣ್ಣವಿಲ್ಲದೆ ಉಳಿಯುತ್ತವೆ. ಬಣ್ಣವಿಲ್ಲದವನ್ನು ಮಾತ್ರ ಎಣಿಸಿ, ಗ್ರಾಹಿಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ.