10 ಲೀಟರ್ ಕೇಸ್‌ನಲ್ಲಿ ಗೇಮಿಂಗ್ ಪಿಸಿ: ಈ ಪಾರ್ಟ್ಸ್ ಕೂರುತ್ತಾ?

ಹತ್ತುಲೀಟರ್
ಮಿನಿ-ಐಟಿಎಕ್ಸ್ (ಚಿಕ್ಕ ಮದರ್‌ಬೋರ್ಡ್) ಬಿಲ್ಡ್‌ಗೆ ಪಟ್ಟಿ ಮಾಡಿದ್ದೀನಿ, ಆರ್ಡರ್ ಹಾಕೋ ಮುಂಚೆ ಒಮ್ಮೆ ಕಣ್ಣಾಡಿಸಿ. ಸ್ಯಾಂಡ್‌ವಿಚ್ ಕೇಸ್: ಬೋರ್ಡ್ ಒಂದು ಕಡೆ, ಅದಕ್ಕೆ ಬೆನ್ನು ಕೊಟ್ಟು ಗ್ರಾಫಿಕ್ಸ್ ಕಾರ್ಡ್ ಇನ್ನೊಂದು ಕಡೆ, ಎರಡನ್ನೂ ಸೇರಿಸೋಕೆ ರೈಸರ್ ಕೇಬಲ್. ಕೂಲರ್ ಎತ್ತರ 55 ಮಿ.ಮೀ. ಮೀರಬಾರದು; ಕಾರ್ಡ್ ಉದ್ದ 325, ಅಗಲ 140, ದಪ್ಪ 55 ಮಿ.ಮೀ. ಒಳಗಿರಬೇಕು.

ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್
ಬಿ650 ಐಟಿಎಕ್ಸ್ ಬೋರ್ಡ್
ಡಿಡಿಆರ್5-6000 ಸಿಎಲ್30, 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್
2 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಎಂ.2 ಸ್ಲಾಟ್‌ಗೆ)
47 ಮಿ.ಮೀ. ಕೂಲರ್, 92 ಮಿ.ಮೀ. ಫ್ಯಾನ್
ಆರ್‌ಟಿಎಕ್ಸ್ 5070, ಮೂರು ಫ್ಯಾನ್, 304 × 134 × 50 ಮಿ.ಮೀ.
750 ವ್ಯಾಟ್ ಎಸ್‌ಎಫ್‌ಎಕ್ಸ್-ಎಲ್ (ಚಿಕ್ಕ ಕೇಸ್‌ನ ಅಳತೆ) ಪವರ್ ಸಪ್ಲೈ

ಕೂಲರ್ ಸಾಕಾಗುತ್ತಾ ಅನ್ನೋದೊಂದೇ ತಲೆಬಿಸಿ. ಮಿಕ್ಕಿದ್ದೆಲ್ಲ ಕೂರುತ್ತೆ ಅನ್ಕೊಂಡಿದ್ದೀನಿ.

ಸ್ಕ್ರೂಡ್ರೈವರ್
ಕೂಲರ್ ಆಮೇಲೆ, ಮೊದಲು ಕಾರ್ಡ್ ನೋಡಿ. 134 ಮಿ.ಮೀ. ಅನ್ನೋದು ಬರೀ ಕಾರ್ಡ್‌ನ ಅಗಲ. ಅದರ ನೆತ್ತಿಗೆ ಚುಚ್ಚೋ ಪವರ್ ಪ್ಲಗ್ ಆ ಲೆಕ್ಕದಲ್ಲಿ ಇಲ್ಲ. 140ರಲ್ಲಿ ಉಳಿಯೋದು 6 ಮಿ.ಮೀ. 16 ಪಿನ್ ಪ್ಲಗ್‌ನಿಂದ ಬಂದ ವೈರ್ ಸುಮಾರು 35 ಮಿ.ಮೀ. ನೆಟ್ಟಗೆ ಹೋದ ಮೇಲೇ ಬಾಗಬೇಕು. ಒತ್ತಾಯ ಮಾಡಿ ಪ್ಯಾನಲ್ ಮುಚ್ಚಿದ್ರೆ ಪ್ಲಗ್ ಒಂದು ಬದಿಗೆ ವಾಲುತ್ತೆ, ಕೆಲವು ಪಿನ್‌ಗಳ ಹಿಡಿತ ಸಡಿಲ ಆಗುತ್ತೆ, ಕರೆಂಟೆಲ್ಲ ಉಳಿದ ಪಿನ್‌ಗಳ ಮೇಲೆ ಬೀಳುತ್ತೆ. ಪ್ಲಾಸ್ಟಿಕ್ ಕರಗೋದು ಹೀಗೇ. ಕೇಸ್ ಮ್ಯಾನ್ಯುಯಲ್‌ನ 140ರ ಆಚೆ ಕೇಬಲ್‌ಗೆ ಬೇರೆ ಜಾಗ ಇದ್ಯೋ ಇಲ್ವೋ ಮೊದಲು ಖಾತ್ರಿ ಮಾಡ್ಕೊಳ್ಳಿ. ಇಲ್ಲ ಅಂದ್ರೆ ಪ್ಲಗ್ ಕೂರೋ ಜಾಗ ಒಳಕ್ಕೆ ತಗ್ಗಿರೋ, ಅಗಲ 115 ದಾಟದ ಎರಡು ಫ್ಯಾನ್ ಕಾರ್ಡ್ ಹುಡುಕೋದೇ ಕ್ಷೇಮ. 250 ವ್ಯಾಟ್ ಕಾರ್ಡ್‌ಗೆ ಮೂರು ಫ್ಯಾನ್ ಬೇಕೇ ಬೇಕು ಅಂತೇನಿಲ್ಲ.

ಎರಡನೇದು ಪವರ್ ಸಪ್ಲೈ. ಎಸ್‌ಎಫ್‌ಎಕ್ಸ್ ಆಳ 100 ಮಿ.ಮೀ., ಎಸ್‌ಎಫ್‌ಎಕ್ಸ್-ಎಲ್ 130. ಆ 30 ಮಿ.ಮೀ. ಕೇಬಲ್ ಮಡಚಿ ಇಡೋಕೆ ಇರೋ ಏಕೈಕ ಜಾಗ. ಹಾಗಾಗಿ ಬರೀ ಎಸ್‌ಎಫ್‌ಎಕ್ಸ್ ತಗೊಳ್ಳಿ. 750 ಧಾರಾಳ ಆಯ್ತು, 5070ಗೆ ಎನ್ವಿಡಿಯಾ ಹೇಳೋದೇ 650. ಹಳೇ ಸಪ್ಲೈನ ಮಾಡ್ಯುಲರ್ (ಕಳಚೋ) ಕೇಬಲ್ ಹೊಂದುತ್ತೆ ಅಂತ ಹೊಸದಕ್ಕೆ ಚುಚ್ಚಬೇಡಿ. ಸಪ್ಲೈ ಕಡೆ ಪಿನ್ ಜೋಡಣೆ ಕಂಪನಿಗೊಂದು ಥರ, ಪಾರ್ಟ್ಸ್ ಸುಟ್ಟುಹೋಗಬಹುದು.

ತಣ್ಣಗಿರು
ಕೂಲರ್ ಬಗ್ಗೆ: ಆಟಕ್ಕೆ ಸಾಕು. ಗೇಮ್‌ನಲ್ಲಿ ಈ ಪ್ರೊಸೆಸರ್ ಎಳೆಯೋದು ಹೆಚ್ಚಾಗಿ 50ರಿಂದ 80 ವ್ಯಾಟ್. ತೊಂದರೆ ವ್ಯಾಟ್‌ದಲ್ಲ. ಇದರಲ್ಲಿ ಕ್ಯಾಶ್ (ಪ್ರೊಸೆಸರ್‌ನ ಒಳಗಿನ ವೇಗದ ಮೆಮರಿ) ಚಿಪ್ ಕೋರ್‌ಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿದೆ, ಶಾಖ ಅದನ್ನ ದಾಟಿ ಬರಬೇಕು. 9800ಎಕ್ಸ್3ಡಿಯಲ್ಲಿ ಕ್ಯಾಶನ್ನ ಕೆಳಗೆ ಹಾಕಿದ್ದು ಅದಕ್ಕೇ. ರೆಂಡರಿಂಗ್ ಥರ ಎಲ್ಲ ಕೋರ್ ದುಡಿಯೋ ಕೆಲಸದಲ್ಲಿ 89 ಡಿಗ್ರಿ ಮುಟ್ಟಿ ವೇಗ ತಗ್ಗಿಸಿಕೊಳ್ಳುತ್ತೆ, ಕೆಡೋದಿಲ್ಲ. ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ಸ್) ಕರ್ವ್ ಆಪ್ಟಿಮೈಸರ್, ಅಂದ್ರೆ ಪ್ರೊಸೆಸರ್ ವೋಲ್ಟೇಜ್ ತಗ್ಗಿಸೋ ಆಯ್ಕೆ, ಆಲ್-ಕೋರ್ ಮೈನಸ್ 20 ಇಟ್ಟು ನೋಡಿ. ಪಿಸಿ ಸುಮ್ಮನಿದ್ದಾಗ ರೀಸ್ಟಾರ್ಟ್ ಆದ್ರೆ ಮೈನಸ್ 15ಕ್ಕೆ ಬನ್ನಿ.

ಕೂಲರ್‌ನ 15 ಮಿ.ಮೀ. ದಪ್ಪದ ಫ್ಯಾನ್ ತೆಗೆದು 25ರದ್ದು ಹಾಕೋ ಆಸೆ ಬಂದ್ರೆ ಬಿಟ್ಬಿಡಿ, ಕೂಲರ್ ಎತ್ತರ 57 ಆಗುತ್ತೆ. ಫ್ಯಾನ್‌ಗೂ ಜಾಲರಿಗೂ ಉಳಿಯೋ 8 ಮಿ.ಮೀ. ಸಂದಿಗೆ ಫೋಮ್ ಉಂಗುರ ಅಂಟಿಸಿ. ಇಲ್ಲಾಂದ್ರೆ ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಎಳ್ಕೊಳ್ಳುತ್ತೆ.

ರೈಸರ್‌ಕೇಬಲ್
ಜೋಡಣೆ ಕ್ರಮ ಯಾರೂ ಹೇಳಿಲ್ಲ. ಬೋರ್ಡ್ ಕೇಸ್‌ಗೆ ಹೋಗೋ ಮುಂಚೆ, ಹೊರಗೇ ಪ್ರೊಸೆಸರ್, ರ‍್ಯಾಮ್, ಎಂ.2, ಕೂಲರ್ ಹಾಕಿ. ಎಎಂ5ನಲ್ಲಿ (ಈ ಬೋರ್ಡ್‌ನ ಸಾಕೆಟ್ ಮಾದರಿ) ಪಿನ್‌ಗಳಿರೋದು ಸಾಕೆಟ್‌ನಲ್ಲಿ, ಪ್ರೊಸೆಸರನ್ನ ನೇರವಾಗಿ ಇಳಿಸಿ, ಜಾರಿಸಬೇಡಿ. ಬೋರ್ಡ್ ಬೆನ್ನಲ್ಲಿ ಇನ್ನೊಂದು ಎಂ.2 ಸ್ಲಾಟ್ ಇದ್ರೆ ಅದಕ್ಕೆ ಹಾಕೋದನ್ನೂ ಈಗಲೇ ಹಾಕಿ. ಆಮೇಲೆ ಬೇಕು ಅಂದ್ರೆ ಎಲ್ಲಾ ಬಿಚ್ಚಬೇಕು.

ಸಪ್ಲೈ ಜೋಡಿಸಿ, ಮಾನಿಟರನ್ನ ಬೋರ್ಡ್‌ನ ಎಚ್‌ಡಿಎಂಐಗೆ ಚುಚ್ಚಿ, ಹೊರಗೇ ಒಮ್ಮೆ ಆನ್ ಮಾಡಿ. ಈ ಪ್ರೊಸೆಸರ್‌ನಲ್ಲಿ ಚಿಕ್ಕ ಗ್ರಾಫಿಕ್ಸ್ ಇದೆ, ಕಾರ್ಡ್ ಬೇಕಿಲ್ಲ. ಮೊದಲ ಸಲ ಮೆಮರಿ ಟ್ರೈನಿಂಗ್ (ಬೋರ್ಡ್ ಮೆಮರಿಗೆ ಹೊಂದಿಕೊಳ್ಳೋದು) ನಡೆಯುತ್ತೆ, ಸ್ಕ್ರೀನ್ ಕೆಲವು ನಿಮಿಷ ಕಪ್ಪಗೇ ಇರುತ್ತೆ. ಸತ್ತೋಯ್ತು ಅಂತ ಆಫ್ ಮಾಡಬೇಡಿ. ಬಯೋಸ್ ಬಂದ ತಕ್ಷಣ ಕಾರ್ಡ್‌ನ ಪಿಸಿಐಇ ಸ್ಲಾಟನ್ನ ‘ಆಟೋ’ದಿಂದ ತೆಗೆದು ರೈಸರ್‌ನ ಜೆನ್‌ಗೆ (ತಲೆಮಾರು, ಅಂದ್ರೆ ವೇಗದ ಮಟ್ಟ) ಕಟ್ಟಿಹಾಕಿ. ರೈಸರ್ ಜೆನ್ 3 ಆಗಿದ್ದು ಬೋರ್ಡ್ ಜೆನ್ 4ರಲ್ಲಿ ಮಾತಾಡೋಕೆ ಹೋದ್ರೆ ಡಿಸ್‌ಪ್ಲೇ ಬರಲ್ಲ, ಇಲ್ಲಾ ಆಟದ ಮಧ್ಯೆ ಸ್ಕ್ರೀನ್ ಹೋಗುತ್ತೆ. ಜನ ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸ್ತಾರೆ.

ಹತ್ತುಲೀಟರ್
ಮ್ಯಾನ್ಯುಯಲ್ ನೋಡಿದೆ, 140ರ ಆಚೆ ಕೇಬಲ್‌ಗೆ ಬೇರೆ ಜಾಗ ಇಲ್ಲ. ಅಗಲ ಕಮ್ಮಿ ಇರೋ ಎರಡು ಫ್ಯಾನ್ ಕಾರ್ಡ್, ಬರೀ ಎಸ್‌ಎಫ್‌ಎಕ್ಸ್ ಅಂತ ಬದಲಾಯಿಸಿದೆ. ಸಿಪಿಯು 8 ಪಿನ್ ಕೇಬಲ್ ಯಾವಾಗ ಚುಚ್ಚೋದು?

ಸ್ಕ್ರೂಡ್ರೈವರ್
ಬೋರ್ಡನ್ನ ಕೇಸ್ ಒಳಗೆ ಅರ್ಧ ಇಳಿಸಿದಾಗ, ಸ್ಕ್ರೂ ಹಾಕೋ ಮುಂಚೆ. ಕೂರಿಸಿದ ಮೇಲೆ ಆ ಮೂಲೆಗೆ ಬೆರಳು ಹೋಗಲ್ಲ. ಲ್ಯಾಚ್ ‘ಟಕ್’ ಅಂತ ಕೂತಿದ್ಯಾ ನೋಡ್ಕೊಳ್ಳಿ. ಫ್ರಂಟ್ ಪ್ಯಾನಲ್ ವೈರ್‌ಗಳೂ ಆಗಲೇ.