ಸಹಾಯ ಬೇಕು: ‘ಮೆಟ್ರೊಪೊಲಿಸ್’ ಚಿತ್ರವನ್ನು ಇಲ್ಲಿ ತೋರಿಸಬಹುದೇ?

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸಣ್ಣ ಚಿತ್ರಸಮಾಜದಲ್ಲಿ ಫ್ರಿಟ್ಜ್ ಲಾಂಗ್ ಅವರ ಜರ್ಮನ್ ಮೂಕಿ ಚಿತ್ರ ‘ಮೆಟ್ರೊಪೊಲಿಸ್’ (1927) ತೋರಿಸಬೇಕೆಂದಿದ್ದೇವೆ. ಪ್ರವೇಶ ಉಚಿತ. ಇಷ್ಟು ಹಳೆಯ ಚಿತ್ರಕ್ಕೆ ಅನುಮತಿ ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಈಗ ತಲೆ ಕೆಟ್ಟು ಕುಳಿತಿದ್ದೇನೆ.

ಅಮೆರಿಕದಲ್ಲಿ ಇದರ ಹಕ್ಕುಸ್ವಾಮ್ಯ 2022ರ ಕೊನೆಗೆ ಮುಗಿದಿದೆ. ಭಾರತದಲ್ಲಿ ಚಲನಚಿತ್ರಕ್ಕೆ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಈಗಿನ ಆ ನಿಯಮದಂತೆ ಎಣಿಸಿದರೂ 1987ಕ್ಕೇ ಮುಗಿಯಿತು. ಜರ್ಮನಿಯಲ್ಲಿ ಮಾತ್ರ ಲೆಕ್ಕವೇ ಬೇರೆ. ನಿರ್ದೇಶಕರು, ಚಿತ್ರಕಥೆ ಮತ್ತು ಸಂಭಾಷಣೆ ಬರೆದವರು, ಸಂಗೀತ ಸಂಯೋಜಿಸಿದವರು, ಇವರಲ್ಲಿ ಕೊನೆಯವರು ತೀರಿಕೊಂಡ ಮೇಲೆ 70 ವರ್ಷ. ಲಾಂಗ್ ತೀರಿಕೊಂಡದ್ದು 1976ರಲ್ಲಿ, ಹಾಗಾಗಿ ಅಲ್ಲಿ 2046 ಮುಗಿಯುವವರೆಗೆ ಮುಟ್ಟುವಂತಿಲ್ಲ. ಇರಲಿ, ನಾವು ತೋರಿಸುವುದು ಇಲ್ಲೇ.

ಸಿಕ್ಕಿಬಿದ್ದಿರುವುದು ಮುಂದಿನದರಲ್ಲಿ. ನನ್ನ ಬಳಿ ಇರುವ ಡಿಸ್ಕ್ 2010ರ ಪುನರುಜ್ಜೀವಿತ ಆವೃತ್ತಿ. ಕಳೆದುಹೋಗಿದ್ದ ದೃಶ್ಯಗಳಿದ್ದ 16 ಎಂಎಂ ಪ್ರತಿಯೊಂದು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತಲ್ಲ, ಅದನ್ನೂ ಸೇರಿಸಿ ಸಿದ್ಧಪಡಿಸಿದ್ದು. ಸಂಗೀತ ಬರೆದ ಗಾಟ್‌ಫ್ರೀಡ್ ಹುಪ್ಪರ್ಟ್ಸ್ 1937ರಲ್ಲೇ ತೀರಿಕೊಂಡರು. ಆದರೆ ವಾದ್ಯವೃಂದ ನುಡಿಸಿದ ಧ್ವನಿಮುದ್ರಣ ಹೊಸದು. ಡಿಸ್ಕ್ ಮಾರಿದವರಿಗೆ ಎರಡು ಬಾರಿ ಬರೆದೆ, ಉತ್ತರವಿಲ್ಲ. ಪರಿಚಯದ ವಕೀಲರು ಜಮೀನಿನ ವ್ಯಾಜ್ಯವಾದರೆ ಹೇಳುತ್ತೇನೆ ಎಂದು ನಕ್ಕುಬಿಟ್ಟರು.

ಬಲ್ಲವರು ದಯವಿಟ್ಟು ತಿಳಿಸಿ: ಮೂಲ ಚಿತ್ರದ ಹಕ್ಕು ಭಾರತದಲ್ಲಿ ಮುಗಿದಿದ್ದರೂ 2010ರ ಆವೃತ್ತಿಯ ದೃಶ್ಯಗಳಿಗೆ ಇಲ್ಲಿ ಹೊಸ ಹಕ್ಕು ಹುಟ್ಟುತ್ತದೆಯೇ? ಅಥವಾ ಧ್ವನಿ ನಿಲ್ಲಿಸಿ, ನಮ್ಮವರೇ ಹಾರ್ಮೋನಿಯಂ ನುಡಿಸಿದರೆ ಸಾಕೇ?