ಕ್ಯಾಂಪಿಂಗ್ ಗಾಡಿ ಡಿಕ್ಕಿ ಒಳಗಿಂದ ತಗಿಯಾಕ ಸ್ವಿಚ್ ಕೂಡಸಬಹುದೇನ್ರಿ?

ಪ್ರಶ್ನೆ (ಗದಗ-ಬೆಟಗೇರಿಯಿಂದ, ಸಾಲಿ ಶಿಕ್ಷಕಿ):

ಅಣ್ಣಾರ, ನಮಸ್ಕಾರ. ನಮ್ಮದು 7 ಸೀಟಿನ ಗಾಡಿ. ಹಿಂದಿನ ಸೀಟು ಮಡಚಿ, ಪ್ಲೈವುಡ್ ಹಲಗಿ ಇಟ್ಟು, ಗಾದಿ ಹಾಸಿ ಮಲಗೋ ಹಂಗ ಮಾಡ್ಕೊಂಡೀವಿ. ಸೂಟಿ ಸಿಕ್ಕರ ನಾನು, ನಮ್ಮವರು, 6 ವರ್ಷದ ಮಗಳು ದಾಂಡೇಲಿ, ಯಲ್ಲಾಪುರ ಕಡೆ ಹೊಂಟಬಿಡ್ತೀವಿ. ಹೋದ ತಿಂಗಳು ಯಲ್ಲಾಪುರದ ಹತ್ರ ಒಬ್ಬರ ತೋಟದ ಅಂಗಳದಾಗ ಗಾಡಿ ಹಚ್ಚಿ ಮಲಗಿದ್ವಿ. ನಡುರಾತ್ರಿ ಮಗಳಿಗೆ ವಾಂತಿ ಬಂತು. ಡಿಕ್ಕಿ ಬಾಗಲಾ ನಮ್ಮ ಕಾಲ ಹತ್ರನ ಐತಿ, ಆದ್ರ ಅದನ್ನ ತಗಿಯೋ ಬಟನ್ ಹೊರಗ, ನಂಬರ್ ಪ್ಲೇಟಿನ ಮ್ಯಾಲ. ಹಿಂದಿನ ಬಾಗಲದ ಹ್ಯಾಂಡಲ್ ಎಳದ್ರ ಅದೂ ತಗೀಲಿಲ್ಲ. ನಮ್ಮವರು ಮುಂದಿನ ಸೀಟು ದಾಟಿ, ಕೆಳಗ ಇಳಿದು, ಸುತ್ತ ಹಾದು ಬರೋದ್ರಾಗ ಎಲ್ಲಾ ಆಗಿಹೋಗಿತ್ತು. ಗಾದಿ ತೊಳದ್ರ ಹೋತು. ಆದ್ರ ಬೆಂಕಿ-ಗಿಂಕಿ ಹತ್ತಿದ್ರ ಏನ್ ಗತಿ ಅಂತ ಅವತ್ತಿಂದ ನನಗ ನಿದ್ದಿ ಇಲ್ಲ. ಒಳಗ ಒಂದು ಸ್ವಿಚ್ ಕೂಡಸಬಹುದೇನ್ರಿ? ಕಂಪನಿ ವೈರಿಂಗಿಗೆ ಏನರ ತೊಂದ್ರಿ ಆಗತೈತೇನು?

ಉತ್ತರ (ಹುಬ್ಬಳ್ಳಿಯಿಂದ, ಆಟೋ ಇಲೆಕ್ಟ್ರಿಷಿಯನ್):

ಅಕ್ಕಾರ, ಸ್ವಿಚ್ ಕೂಡಸೋಣು. ಆದ್ರ ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬ್ಯಾರೆ ಐತಿ.

ಹಿಂದಿನ ಬಾಗಲಾ ತಗೀಲಿಲ್ಲ ಅಂದ್ರಿ. ಅದು ಚೈಲ್ಡ್ ಲಾಕ್, ಅಂದ್ರ ಮಕ್ಕಳು ಒಳಗಿಂದ ಬಾಗಲಾ ತಗೀದ ಹಂಗ ಇಡೋ ಲಾಕ್, ಇರಬೇಕು. ಬಾಗಲಾ ತಗದು ಅದರ ಅಂಚಿನ್ಯಾಗ, ಲಾಕಿನ ಹತ್ರ ನೋಡ್ರಿ, ಸಣ್ಣದೊಂದು ಕೀಲು ಇರತೈತಿ. ಮಲಗೋ ಮುಂದ ಎರಡೂ ಕಡೆ ಅದನ್ನ ಬಿಡಿಸಿ ಮಲಗ್ರಿ, ಮುಂಜಾನೆ ಗಾಡಿ ಬಿಡೋ ಮುಂದ ಮಗಳ ಸಲುವಾಗಿ ವಾಪಸ್ ಹಾಕ್ರಿ. ಇದನ್ನ ಇವತ್ತ ಮಾಡಬಹುದು.

ಈಗ ಡಿಕ್ಕಿ. ಹೊರಗಿನ ರಬ್ಬರ್ ಬಟನ್ ಒತ್ತಿದ್ರ ಲಾಕ್ ತಗೀತೈತಿ ಅಂತ ನಾವು ತಿಳ್ಕೋತೀವಿ. ಬಟನ್ ಸ್ವತಃ ತಗಿಯೋದಿಲ್ಲ. ಅದು ಬಿಸಿಎಂ ಅನ್ನೋ ಡಬ್ಬಿಗೆ, ಅಂದ್ರ ಬಾಡಿ ಕಂಟ್ರೋಲ್ ಮಾಡ್ಯೂಲಿಗೆ, ಸುದ್ದಿ ಅಷ್ಟ ಮುಟ್ಟಸತೈತಿ. ಗಾಡಿ ಲಾಕ್ ಬಿಟ್ಟೈತೋ ಇಲ್ಲೋ ಅಂತ ಆ ಡಬ್ಬಿ ನೋಡತೈತಿ, ಭಾಳ ಗಾಡ್ಯಾಗ ಗಾಡಿ ಓಡಾಕತ್ತೈತೇನು ಅನ್ನೋದನ್ನೂ ನೋಡತೈತಿ. ಎಲ್ಲಾ ಸರಿ ಇದ್ರ ಲಾಕಿನ ಮೋಟರಿಗೆ ಒಂದು ಕ್ಷಣ ಕರೆಂಟ್ ಕೊಟ್ಟು ನಿಲ್ಲಸತೈತಿ. ಅದಕ್ಕ ನಿಮ್ಮ ಒಳಗಿನ ಸ್ವಿಚ್ಚನ್ನ ಆ ರಬ್ಬರ್ ಬಟನ್ನಿನ ಎರಡು ವೈರಿಗೆ ಪ್ಯಾರಲಲ್, ಅಂದ್ರ ಯಾವ ಬಟನ್ ಒತ್ತಿದ್ರೂ ಅದ ಸುದ್ದಿ ಮುಟ್ಟೋ ಹಂಗ ಜೋಡಿ ಮಾಡಿ, ಹಚ್ಚೋದು ಸರಿಯಾದ ದಾರಿ. ಒತ್ತಿ ಬಿಟ್ಟರ ತಾನ ವಾಪಸ್ ಬರೋ ಪುಶ್ ಬಟನ್ ಆಗಬೇಕು, ಆನ್-ಆಫ್ ಸ್ವಿಚ್ ಬ್ಯಾಡ. ಮೋಟರ್ ಸುಡೋದಿಲ್ಲ, ಕಂಪನಿ ಇಟ್ಟ ಕಾವಲು ಹಂಗ ಉಳೀತೈತಿ.

ಆದ್ರ ಇಲ್ಲೇ ಒಂದು ತೊಡಕು ಐತಿ. ರಾತ್ರಿ ನೀವು ಗಾಡಿ ಲಾಕ್ ಮಾಡಿ ಮಲಗ್ತೀರಿ. ಲಾಕ್ ಇದ್ದಾಗ ಆ ಡಬ್ಬಿ ನಿಮ್ಮ ಸ್ವಿಚ್ಚಿನ ಮಾತು ಕೇಳೋದಿಲ್ಲ. ಮೊದಲು ರಿಮೋಟಿನಿಂದ ಅನ್‌ಲಾಕ್ ಒತ್ತಿ ಆಮ್ಯಾಲ ಸ್ವಿಚ್ ಒತ್ತಬೇಕು. ಅದಕ್ಕ ಕೀಲಿ ತಲಿದಿಂಬಿನ ಹತ್ರ, ದಿನಾ ಅದ ಜಾಗಾದಾಗ ಇರಬೇಕು. ಇನ್ನ ರಾತ್ರಿಯೆಲ್ಲಾ ಲೈಟು, ಫ್ಯಾನು, ಫ್ರಿಜ್ ಹಾಕಿ ಬ್ಯಾಟರಿ ಇಳಿದಿದ್ರ ಯಾವ ಸ್ವಿಚ್ಚೂ ಕೆಲಸ ಮಾಡೋದಿಲ್ಲ. ನಿಮಗ ಬೆಂಕಿ ಚಿಂತಿ ಐತಿ ಅಂದ್ರಲ್ಲ, ಬೆಂಕಿ ಹತ್ತೋದು ವೈರಿಂಗಿಂದನ ಇರಬಹುದು. ಅಂಥಾ ಹೊತ್ತಿನ್ಯಾಗ ಅದ ವೈರಿಂಗನ್ನ ನಂಬಿ ಕೂಡೋದು ತಪ್ಪು. ಅದಕ್ಕ ನಾನು ಹೇಳೋದು, ಮೊದಲು ಕೈಯಿಂದ ಎಳಿಯೋ ಕೇಬಲ್ ಹಾಕ್ರಿ, ಆಮ್ಯಾಲ ಸ್ವಿಚ್.

ಡಿಕ್ಕಿ ಬಾಗಲದ ಒಳಮೈ ಪ್ಯಾನಲ್ಲಿನ್ಯಾಗ, ಲಾಕಿನ ಹತ್ರ, ಸಣ್ಣ ಮುಚ್ಚಳ ಐತೇನು ನೋಡಿ ಹೇಳ್ರಿ.

ಗದಗದ ಶಿಕ್ಷಕಿ:

ಐತ್ರಿ ಅಣ್ಣಾರ. ಬೆರಳಿನಷ್ಟು ಅಗಲದ ಮುಚ್ಚಳ. ತಗದು ಟಾರ್ಚ್ ಬಿಟ್ಟು ನೋಡಿದ್ವಿ, ಒಳಗ ಬಿಳೇ ಪ್ಲಾಸ್ಟಿಕ್ ಲಿವರ್ ಕಾಣಸತೈತಿ. ಸ್ಕ್ರೂಡ್ರೈವರಿಂದ ಪಕ್ಕಕ್ಕ ತಳ್ಳಿದ್ರ ಟಪ್ ಅಂತ ಲಾಕ್ ಬಿಡತೈತಿ! ಇಷ್ಟು ದಿನ ಇದು ಇಲ್ಲೇ ಇತ್ತು, ನಮಗ ಯಾರೂ ಹೇಳೇ ಇಲ್ಲ.

ಉತ್ತರ (ಹುಬ್ಬಳ್ಳಿ):

ಅದ ರೀ, ಅದ ನಿಮ್ಮ ಜೀವದ ಬಾಗಲಾ. ಕೇಬಲ್ ಹಾಕೋ ತನಕ ಒಂದು ಸ್ಕ್ರೂಡ್ರೈವರ್‌ಗೆ ಹುರಿ ಕಟ್ಟಿ ಅಲ್ಲೇ ತೂಗ ಹಾಕ್ರಿ.

ಕೇಬಲ್ಲಿಗೆ ಸೈಕಲ್ ಬ್ರೇಕಿನ ಒಳಗಿನ ತಂತಿ ಭಾಳ ಚಲೋ. ನೈಲಾನ್ ಹುರಿ ಬ್ಯಾಡ, ಬಿಸಲಿಗೆ ಜಗ್ಗತೈತಿ, ತಗಡಿನ ಅಂಚಿಗೆ ತಿಕ್ಕಿ ಹರೀತೈತಿ. ಪ್ಯಾನಲ್ ಬಿಚ್ಚಿ, ಲಿವರ್ ಯಾವ ದಿಕ್ಕಿಗೆ ಸರೀತೈತೋ ಅದ ದಿಕ್ಕಿಗೆ ತಂತಿ ನೆಟ್ಟಗ ಹೋಗೋ ಹಂಗ ಹಾಕಬೇಕು. ಪ್ಯಾನಲ್ಲಿಂದ ಹೊರಗ ಬರೋ ತೂತಿಗೆ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂಡೋ ರಬ್ಬರ್ ಬಳಿ), ತುದಿಗೆ ಕತ್ತಲಾಗ ಕೈಗೆ ಸಿಗೋ ಹಂಗ ದೊಡ್ಡ ಉಂಗುರ. ಸ್ವಲ್ಪ ಸಡಲ ಬಿಡ್ರಿ. ಬಿಗಿ ಇದ್ರ ತಗ್ಗಿನ್ಯಾಗ ಗಾಡಿ ಕುಲುಕಿದಾಗ ತಾನ ತಗದೀತು.

ಒಂದು ಮಾತು ಕೈ ಮುಗದು ಹೇಳ್ತೀನಿ. ಪರೀಕ್ಷಾ ಮಾಡೋ ಮುಂದ ಡಿಕ್ಕಿ ಮುಚ್ಚಬ್ಯಾಡ್ರಿ. ಬಾಗಲಾ ಮ್ಯಾಲ ಇದ್ದಾಗನ ಲಾಕಿನ ಕೊಂಡಿಯನ್ನ ಸ್ಕ್ರೂಡ್ರೈವರಿಂದ ಒತ್ತಿ ಮುಚ್ಚಿದ ಹಂಗ ಮಾಡ್ರಿ, ಕೇಬಲ್ ಎಳೀರಿ, ಬಿಡತೈತೇನು ನೋಡ್ರಿ. ಹಿಂಗ 20 ಸಲ ಬಿಟ್ಟ ಮ್ಯಾಲ ಬಾಗಲಾ ಮುಚ್ಚಿ ಒಳಗ ಕೂತು ಎಳೀರಿ, ಹೊರಗ ಒಬ್ಬರು ನಿಂತಿರಲಿ. ಕಡೀಕ ಮಗಳ ಕೈಲೆ ಎಳಸ್ರಿ. ಆಕಿಗೂ ಗೊತ್ತಿರಬೇಕು.

ಹಾವೇರಿಯಿಂದ ಒಬ್ಬರು:

ಅಣ್ಣಾ, ಇಷ್ಟೆಲ್ಲಾ ಯಾಕ? ಬ್ಯಾಟರಿಯಿಂದ 12 ವೋಲ್ಟ್ ತಗೊಂಡು ಒಂದು ಬಟನ್ ಹಾಕಿ ನೆಟ್ಟಗ ಲಾಕಿನ ಮೋಟರಿಗೆ ಕೊಟ್ರ ಗಾಡಿ ಲಾಕ್ ಇದ್ರೂ ತಗೀತೈತಲ್ಲ? ನಂದೂ ಗಾಡಿ ಐತಿ, ಹಂಗ ಮಾಡೋಣು ಅಂತೀನಿ.

ಉತ್ತರ (ಹುಬ್ಬಳ್ಳಿ):

ತಮ್ಮಾ, ತಗೀತೈತಿ ಖರೆ, ಆದ್ರ ಹಂಗ ಮಾಡಬ್ಯಾಡ. ಹೊಸದಾಗಿ ಅಂಗಡಿ ಇಟ್ಟಾಗ ಇದ ತಪ್ಪು ನಾನು ಮಾಡೀನಿ. ಒಬ್ಬರ ಗಾಡಿಗೆ ನೇರ ಬಟನ್ ಕೂಡಿಸಿ ಕೊಟ್ಟೆ. ಕಲಘಟಗಿ ರಸ್ತಾದಾಗ ಹೊಂಟಾಗ ಹಿಂದ ಇಟ್ಟ ಸಾಮಾನು ಜರದು ಬಟನ್ನಿಗೆ ಬಡದು ಡಿಕ್ಕಿ ತಗದಬಿಟ್ಟಿತು. ಹಿಂದ ಮಂದಿ ಕೂತಿರಲಿಲ್ಲ, ದೇವರು ದೊಡ್ಡಾವ. ಅವತ್ತು ನನ್ನ ಎದಿ ನಡಗಿದ್ದು ಇನ್ನೂ ನೆನಪೈತಿ.

ಇನ್ನೊಂದು, ಮೋಟರಿನ ವೈರು ಸುಮ್ಮನ ಇದ್ದಾಗ ಬಿಸಿಎಂ ಒಳಗ ಅರ್ಥಿಗೆ, ಅಂದ್ರ ಬ್ಯಾಟರಿ ನೆಗೆಟಿವ್ ಕಡೆಗೆ, ಕೂಡಿರಬಹುದು. ಅದಕ್ಕ ಹೊರಗಿಂದ 12 ವೋಲ್ಟ್ ಕೊಟ್ರ ಶಾರ್ಟ್ ಆಗಿ ಡಬ್ಬಿನ ಹೋಗತೈತಿ. ಲಾಕ್ ಇದ್ದಾಗಲೂ ತಗೀಬೇಕು ಅಂದ್ರ 5 ಕಾಲಿನ ರಿಲೇ, ಅಂದ್ರ ಕರೆಂಟ್ ಕೊಟ್ಟಾಗ ಒಳಗಿನ ಲೈನು ಬದಲಸೋ ಸ್ವಿಚ್, ಬೇಕು. ಅದರ ಕಾಲಿಗೆ 30, 87, 87ಎ ಅಂತ ನಂಬರ್ ಇರತಾವು. ಮೋಟರಿನ ವೈರು ಕತ್ತರಿಸಿ ಮೋಟರ್ ಕಡೇದು 30ಕ್ಕ, ಕಂಪನಿ ಕಡೇದು 87ಎಗೆ, ಫ್ಯೂಸ್ ಹಾಕಿದ ಹೊಸಾ ಲೈನು 87ಕ್ಕ. ಹಿಂಗ ಮಾಡಿದ್ರ ಬಟನ್ ಒತ್ತಿದಾಗಷ್ಟ ಕಂಪನಿ ವೈರು ದೂರ ಸರೀತೈತಿ. ಫ್ಯೂಸ್ ಬ್ಯಾಟರಿ ಹತ್ರನ ಇರಬೇಕು. ಇಗ್ನಿಷನ್ ಆನ್ ಇದ್ದಾಗ ಬಟನ್ ಸಾಯೋ ಹಂಗ ಎರಡನೇ ರಿಲೇ ಹಾಕಬೇಕು. ಇದು ಮನ್ಯಾಗ ಕೂತು ಮಾಡೋ ಕೆಲಸ ಅಲ್ಲ, ತಿಳಿದವರ ಕಡೆ ಮಾಡಿಸು.

ಗದಗದ ಶಿಕ್ಷಕಿ:

ನಮಗ ಪ್ಯಾರಲಲ್ ಹಚ್ಚೋ ಸ್ವಿಚ್ ಸಾಕ್ರಿ. ನಮ್ಮವರಿಗೆ ಮೀಟರ್ ಹಿಡಿಯಾಕ ಬರತೈತಿ. ವೈರು ಎಲ್ಲಿ ಹಿಡೀಬೇಕು?

ಉತ್ತರ (ಹುಬ್ಬಳ್ಳಿ):

ಬಾಗಲದಾಗ ಹಿಡೀಬ್ಯಾಡ್ರಿ. ಬಾಗಲಕ್ಕೂ ಬಾಡಿಗೂ ನಡುವ ರಬ್ಬರ್ ಕೊಳವಿ ಐತಲ್ಲ, ಅದರಾಗ ವೈರು ಸಾವಿರಾರು ಸಲ ಮಡಚಿ ಒಳಗಿಂದೊಳಗ ತುಂಡಾಗತಾವು. ಹಿಂದಿನ ವೈಪರ್ ಒಮ್ಮಿ ತಿರಗೋದು, ಒಮ್ಮಿ ನಿಲ್ಲೋದು ಅಂದ್ರ ಅದ ಲಕ್ಷಣ. ಅದಕ್ಕ ಆ ವೈರು ಬಾಡಿಗೆ ಇಳಿದು ಬರೋ ಕಡೆ, ಹಿಂದಿನ ಮೂಲಿ ಪ್ಲಾಸ್ಟಿಕ್ ಪ್ಯಾನಲ್ ಹಿಂದ ಹುಡುಕ್ರಿ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಪ್ಯಾನಲ್ ತಗೀರಿ. ಹಳದಿ ಕವಚದ ವೈರು ಕಂಡ್ರ ಮುಟ್ಟಬ್ಯಾಡ್ರಿ, ಅದು ಏರ್‌ಬ್ಯಾಗಿಂದು.

ಬ್ಯಾಟರಿ ವಾಪಸ್ ಕೂಡಿಸಿ, ಮೀಟರಿನ ಕರೇ ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ವೈರಿಗೆ ಹಿಡೀರಿ. ಭಾಳ ಗಾಡ್ಯಾಗ ಸುಮ್ಮನ ಇದ್ದಾಗ 5 ಇಲ್ಲಾ 12 ವೋಲ್ಟಿನ ಸುಮಾರು ತೋರಿಸಿ, ಹೊರಗಿನ ಬಟನ್ ಒತ್ತಿದಾಗ ಸೊನ್ನಿಗೆ ಇಳೀತೈತಿ. ಅದ ನಿಮ್ಮ ವೈರು. ಬಟನ್ನಿನ ಒಂದು ಕಾಲು ಅದಕ್ಕ, ಇನ್ನೊಂದು ಬಾಡಿ ಅರ್ಥಿಗೆ. ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡೀಬ್ಯಾಡ್ರಿ, ಅದು ಎಳಿಯೋ ಕರೆಂಟಿಗೆ ಡಬ್ಬಿ ಕೆಡಬಹುದು. ಸೊನ್ನಿಗೆ ಇಳೀದ ಬ್ಯಾರೆ ಏನರ ತೋರಿಸಿದ್ರ ಅಲ್ಲಿಗೆ ನಿಲ್ಲಸ್ರಿ, ನನಗ ಬರೀರಿ.

ಇದು ಸುದ್ದಿ ಮುಟ್ಟಸೋ ವೈರು, 0.5 ಚದರ ಮಿಲಿಮೀಟರ್ ಸಾಕು. ಜೋಡಣಿಗೆ ಸೋಲ್ಡರ್ ಹಾಕಿ ಹೀಟ್‌ಶ್ರಿಂಕ್, ಅಂದ್ರ ಬಿಸಿ ಮಾಡಿದ್ರ ಬಿಗಿಯಾಗೋ ಕೊಳವಿ, ಏರಿಸ್ರಿ. ತಿರುವಿ ಬರೇ ಟೇಪ್ ಸುತ್ತಿದ್ರ ನಮ್ಮ ಕಡೆ ಏಪ್ರಿಲ್ ಬಿಸಲಿಗೆ ಅಂಟು ಕರಗಿ ಬಿಚ್ಚತೈತಿ. ಬಟನ್ ಗಾದಿಗಿಂತ ಮ್ಯಾಲ, ಪಕ್ಕದ ಪ್ಯಾನಲ್ಲಿಗೆ, ಮುಚ್ಚಳ ಇರೋದು ಕೂಡಸ್ರಿ. ವಾರಂಟಿ ಇನ್ನೂ ಇದ್ರ ಶೋರೂಮಿನ್ಯಾಗ ಕೇಳಿ ಮುಂದುವರೀರಿ.

ಗಾಡಿ ನಿಲ್ಲಸೋ ಮುಂದ ಡಿಕ್ಕಿ ಮ್ಯಾಲಕ್ಕ ಏರೋವಷ್ಟು ಜಾಗಾ ಹಿಂದ ಬಿಡ್ರಿ. ಗಿಡಕ್ಕೋ ಗ್ವಾಡಿಗೋ ತಾಗಿಸಿ ನಿಲ್ಲಿಸಿದ್ರ ಕೇಬಲ್ ಎಳದ್ರೂ ಬಾಗಲಾ ಅರ್ಧಕ್ಕ ನಿಲ್ಲತೈತಿ. ಬಾಗಲಾ ಎತ್ತಿ ಹಿಡಿಯೋ ಗ್ಯಾಸ್ ಶಾಕ್ ಹಳೇದಾಗಿದ್ರ ಥಂಡಿ ಮುಂಜಾನೆ ಇನ್ನಷ್ಟು ಸೋಲತಾವು, ತಲಿ ಮ್ಯಾಲ ಬಾಗಲಾ ಬೀಳತೈತಿ. ಎಂಜಿನ್ ಚಾಲೂ ಇಟ್ಟು ಎಸಿ ಹಾಕ್ಕೊಂಡು ಮಲಗಬ್ಯಾಡ್ರಿ, ಒಳಗ ಗ್ಯಾಸ್ ಒಲಿ ಹಚ್ಚಬ್ಯಾಡ್ರಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಅದು ತುಂಬಿದ್ರ ಕೇಬಲ್ ಎಳಿಯಾಕ ಎಚ್ಚರನ ಆಗೋದಿಲ್ಲ.

ಗದಗದ ಶಿಕ್ಷಕಿ (ಮುಂದಿನ ಐತವಾರ):

ಅಣ್ಣಾರ, ಕೇಬಲ್ ಹಾಕಿದ್ವಿ. ನಿನ್ನೆ ರಾತ್ರಿ ಮನಿ ಮುಂದ ಗಾಡ್ಯಾಗ ಮಲಗಿ, ಲೈಟ್ ಆರಿಸಿ, ಮಗಳಿಗೆ ಎಳಿ ಅಂದೆ. ಮೂರನೇ ಸಲಕ್ಕ ಆಕಿನ ತಗದಳು. ಮೊದಲಿನ ಎರಡು ಸಲ ಉಂಗುರ ಸಿಗಲಿಲ್ಲ.

ಉತ್ತರ (ಹುಬ್ಬಳ್ಳಿ):

ಉಂಗುರಕ್ಕ ಕತ್ತಲಾಗ ಹೊಳಿಯೋ ರೇಡಿಯಂ ಟೇಪ್ ಸುತ್ತರಿ ಅಕ್ಕಾರ. ಬರೇ ಬೆಳಕು ಬಿದ್ರ ಮಿಂಚೋದು ಬ್ಯಾಡ, ತಾನ ಹೊಳಿಯೋದ ಬೇಕು ಅಂತ ಕೇಳಿ ತಗೋರಿ. ಸ್ವಿಚ್ಚಿಗೂ ಅದರದ ಒಂದು ತುಂಡು ಹಚ್ಚರಿ.